ಸಭೆಯಲ್ಲಿ ನಮ್ಮ ಮಾತಿಗೆ ಬೆಲೆ ಬರುವುದು ಯಾವುದರಿಂದ? ಒಂದು ಲೆಕ್ಕದ ತಕರಾರು, ಎರಡು ಬಣ

ಮಲೆನಾಡ ಸಭಿಕ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಈ ಸಲದ ಮಹಾಸಭೆಯಲ್ಲಿ ನನ್ನನ್ನು ನಮ್ಮ ಸಭೆಯ ಕಾರ್ಯದರ್ಶಿಯಾಗಿ ಆರಿಸಿದ್ದಾರೆ. ಕಮಿಟಿಯಲ್ಲಿ ನಾನೇ ಎಲ್ಲರಿಗಿಂತ ಚಿಕ್ಕವನು. ನಮ್ಮದು ತಾಲ್ಲೂಕು ಊರಿನ ಸಣ್ಣ ಸಭೆ. ಒಬ್ಬರು ಇನ್ನೊಬ್ಬರಿಗೆ ಸಂಬಂಧಿಕರು, ಇಲ್ಲದಿದ್ದರೆ ಬೀಗರು.

ತೊಂದರೆ ಏನೆಂದರೆ, ಚರ್ಚಿನ ಪಕ್ಕದ ಸಭಾಂಗಣವನ್ನು ಮದುವೆ, ನಿಶ್ಚಿತಾರ್ಥಗಳಿಗೆ ಬಾಡಿಗೆಗೆ ಕೊಡುತ್ತೇವೆ. ಬೆಳೆ ಹಬ್ಬ ಮುಗಿದ ಮಾರನೆಯ ದಿನ ಒಬ್ಬರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದರು. ಸಭಾಂಗಣದಲ್ಲಿ ನಡೆದ ಕಾರ್ಯಕ್ರಮಗಳಿಗೂ ಹರಿದ ರಸೀದಿಗಳಿಗೂ ತಾಳೆಯಾಗುತ್ತಿಲ್ಲ, ಖಜಾಂಚಿಯವರು ಉತ್ತರ ಕೊಡಲಿ ಎಂದು. ಖಜಾಂಚಿಯವರು ನಿವೃತ್ತ ಶಿಕ್ಷಕರು, ಬಹಳ ಕಾಲದಿಂದ ಆ ಹೊಣೆ ಹೊತ್ತವರು. ಉತ್ತರ ಕೊಡದೆ ಗುಂಪಿನಿಂದಲೇ ಹೊರಗೆ ಹೋದರು. ಹೊರಗೆ ಹೋದದ್ದೇ ತಪ್ಪಿಗೆ ಸಾಕ್ಷಿ ಎಂದು ಒಂದು ಬಣ. ಮರ್ಯಾದಸ್ಥರ ಮೇಲೆ ಕೆಸರು ಎರಚಿದಿರಿ ಎಂದು ಇನ್ನೊಂದು ಬಣ. ಸಭಾಪಾಲಕರು ವರ್ಗವಾಗಿ ಬಂದು ಹೆಚ್ಚು ದಿನವಾಗಿಲ್ಲ, ಅವರಿಗೆ ಹಿಂದಿನದು ಗೊತ್ತಿಲ್ಲ. ಎರಡೂ ಕಡೆಯವರು ನನಗೆ ಫೋನ್ ಮಾಡಿ ‘ನೀನು ಯಾರ ಕಡೆ?’ ಎಂದು ಕೇಳುತ್ತಿದ್ದಾರೆ.

ಇಷ್ಟು ಚಿಕ್ಕವನ ಮಾತಿಗೆ ಇಷ್ಟು ಹಿರಿಯರು ಕಿವಿಗೊಡಬೇಕಾದರೆ ನಾನು ಏನು ಮಾಡಬೇಕು? ಜನರ ಮೇಲೆ ಪ್ರಭಾವ ಬೀರುವುದು ಹೇಗೆ ಎಂದು ಹೇಳುವ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇನೆ. ನನಗೆ ಬೇಕಾಗಿರುವುದು ಸತ್ಯವೇದ ಏನು ಹೇಳುತ್ತದೆ ಎಂಬುದು.

ಧಾರವಾಡದ ಅಕ್ಕ

ತಮ್ಮಾ, ಮೊದಲು ಖಜಾಂಚಿಯವರ ಮನೆಗೆ ಹೋಗು. ಫೋನ್ ಬೇಡ. ಇವತ್ತೇ ಹೋಗು. ಉಳಿದದ್ದನ್ನು ಆಮೇಲೆ ಮಾತನಾಡೋಣ.

ಕಡಲತಡಿ

ನನ್ನ ಅಭಿಪ್ರಾಯ ಬೇರೆ. ನಾಯಕನಾದವನು ಮೊದಲ ದಿನವೇ ತನ್ನ ನಿಲುವು ಏನು ಎಂದು ತೋರಿಸಬೇಕು. ಹಣದ ವಿಷಯದಲ್ಲಿ ರಾಜಿ ಇಲ್ಲ ಎಂದು ಗುಂಪಿನಲ್ಲಿ ಗಟ್ಟಿಯಾಗಿ ಒಂದು ಸಾಲು ಬರೆಯಿರಿ, ಯುವಜನರೆಲ್ಲ ನಿಮ್ಮ ಹಿಂದೆ ನಿಲ್ಲುತ್ತಾರೆ. ಎರಡು ದೋಣಿಯ ಮೇಲೆ ಕಾಲಿಟ್ಟರೆ ಯಾರೂ ನಿಮ್ಮನ್ನು ನಂಬುವುದಿಲ್ಲ.

ನಿವೃತ್ತ ಬೋಧಕ

ಕಡಲತಡಿಯವರೇ, ನೀವು ಹೇಳಿದ್ದನ್ನು ಸತ್ಯವೇದದಲ್ಲಿ ಒಬ್ಬ ಮಾಡಿದ್ದಾನೆ. ಅವನ ಹೆಸರು ಅಬ್ಷಾಲೋಮ, ದಾವೀದ ಅರಸನ ಮಗ. ಎರಡನೆಯ ಸಮುವೇಲ 15ನೆಯ ಅಧ್ಯಾಯ ತೆಗೆದು ನೋಡಿ. ಬೆಳಿಗ್ಗೆ ಬೇಗನೆ ಎದ್ದು ಊರಬಾಗಿಲಿನ ದಾರಿಯ ಪಕ್ಕದಲ್ಲಿ ನಿಲ್ಲುತ್ತಿದ್ದ. ಅರಸನ ಬಳಿಗೆ ನ್ಯಾಯ ಕೇಳಲು ಬಂದವರನ್ನು ತಡೆದು, ಯಾವ ಊರಿನವರು ಎಂದು ವಿಚಾರಿಸುತ್ತಿದ್ದ. ಆಮೇಲೆ, ನಿಮ್ಮ ವ್ಯಾಜ್ಯ ಸರಿಯಾದದ್ದೇ, ಆದರೆ ಅದನ್ನು ಕೇಳಲು ಅರಸನ ಕಡೆಯಿಂದ ಯಾರೂ ಇಲ್ಲ, ನಾನು ನ್ಯಾಯಾಧಿಪತಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನುತ್ತಿದ್ದ. ನಮಸ್ಕರಿಸಲು ಬಂದವರ ಕೈ ಹಿಡಿದು ಮುದ್ದಿಡುತ್ತಿದ್ದ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬಂದ ಪ್ರತಿಯೊಬ್ಬನಿಗೂ ‘ನಿನ್ನದೇ ಸರಿ’ ಎಂದ. ಎದುರು ಪಕ್ಷದವನ ಮಾತನ್ನು ಒಂದು ಸಲವೂ ಕೇಳಲಿಲ್ಲ. ಪ್ರಭಾವ ಬಂತು, ನಿಜ. ಇಸ್ರಾಯೇಲ್ಯರ ಹೃದಯಗಳನ್ನು ಅವನು ಕದ್ದುಕೊಂಡ ಎಂದೇ ಅಲ್ಲಿ ಬರೆದಿದೆ. ಕೊನೆಗೆ ತಂದೆಯ ಮೇಲೆಯೇ ದಂಗೆ ಎದ್ದು ಸತ್ತದ್ದು ನಿಮಗೆಲ್ಲ ಗೊತ್ತಿದೆ.

ಅವನ ತಮ್ಮ ಸೊಲೊಮೋನನನ್ನು ನೋಡಿ. ಒಂದು ಮಗುವಿಗಾಗಿ ಜಗಳವಾಡುತ್ತಾ ಬಂದವರು ಇಬ್ಬರು ವೇಶ್ಯೆಯರು. ಬೇರೆ ಯಾರಾದರೂ ಆಗಿದ್ದರೆ ಬಾಗಿಲಲ್ಲೇ ಅಟ್ಟುತ್ತಿದ್ದರು. ಅರಸ ಇಬ್ಬರ ಮಾತನ್ನೂ ಪೂರ್ತಿ ಕೇಳಿದ. ಮಗುವನ್ನು ಎರಡು ಭಾಗ ಮಾಡಿ ಎಂದು ಖಡ್ಗ ತರಿಸುವ ಮೊದಲು ಅವನು ಮಾಡಿದ ಒಂದು ಕೆಲಸ ಹೆಚ್ಚಿನ ಪ್ರಸಂಗಗಳಲ್ಲಿ ಬಿಟ್ಟುಹೋಗುತ್ತದೆ: ಬದುಕಿರುವುದು ನನ್ನ ಮಗು, ಸತ್ತದ್ದು ನಿನ್ನದು ಎಂದು ಇವಳು ಹೇಳುತ್ತಾಳೆ, ಅಲ್ಲ, ಸತ್ತದ್ದು ನಿನ್ನದು ಎಂದು ಅವಳು ಹೇಳುತ್ತಾಳೆ ಎಂದು ಎರಡೂ ವಾದಗಳನ್ನು ತನ್ನ ಬಾಯಿಂದಲೇ ತಿರುಗಿ ಹೇಳಿದ. ಒಂದನೆಯ ಅರಸುಗಳು 3:23. ತೀರ್ಪು ಬಂದದ್ದು ಆಮೇಲೆ. 28ನೆಯ ವಚನದಲ್ಲಿ, ಆ ತೀರ್ಪಿನ ಸುದ್ದಿ ಕೇಳಿ ಇಸ್ರಾಯೇಲ್ಯರೆಲ್ಲರೂ ಅರಸನಿಗೆ ಭಯಪಟ್ಟರು ಎಂದಿದೆ. ಮಲೆನಾಡ ಸಭಿಕರೇ, ನೀವು ಕೇಳುತ್ತಿರುವ ಪ್ರಭಾವ ಅದೇ.

ಕಡಲತಡಿ

ಸೊಲೊಮೋನ ಅರಸ, ಕೈಯಲ್ಲಿ ಖಡ್ಗ ಇತ್ತು. ಕಾರ್ಯದರ್ಶಿಯ ಕೈಯಲ್ಲಿ ಏನಿದೆ? ಒಂದು ಮಿನಿಟ್ಸ್ ಪುಸ್ತಕ.

ಧಾರವಾಡದ ಅಕ್ಕ

ಮಿನಿಟ್ಸ್ ಪುಸ್ತಕ ಸಣ್ಣದಲ್ಲ. ಎರಡೂ ಕಡೆಯವರು ಹೇಳಿದ್ದನ್ನು ಒಂದು ಪದವೂ ಬದಲಾಗದಂತೆ ಬರೆದು, ಅವರವರಿಗೇ ಓದಿ ತೋರಿಸಿ, ‘ನೀವು ಹೇಳಿದ್ದು ಇದೇ ತಾನೆ?’ ಎಂದು ಕೇಳುವ ಕಾರ್ಯದರ್ಶಿಯನ್ನು ನಮ್ಮ ಸಭೆಯಲ್ಲಿ ಕಂಡಿದ್ದೇನೆ. ಅವರು ಹೆಚ್ಚು ಮಾತನಾಡಿದವರೇ ಅಲ್ಲ. ಆದರೆ ಯಾವ ಮನೆಯಲ್ಲಿ ಆಸ್ತಿ ಪಾಲಾದರೂ ಅವರನ್ನೇ ಕರೆಯುತ್ತಿದ್ದರು.

ಗುರ್ಕಾರ್

ನಾನು ಕರಾವಳಿಯ ಕಥೋಲಿಕ. ನಮ್ಮ ಚರ್ಚಿನ ಒಂದು ವಾಳೆಯ (ವಾರ್ಡಿನ) ಗುರ್ಕಾರನಾಗಿ, ಅಂದರೆ ಮುಖ್ಯಸ್ಥನಾಗಿ ಕೆಲಸ ಮಾಡುತ್ತಿದ್ದೇನೆ. ಬೋಧಕರ ಮಾತಿಗೆ ಇನ್ನೊಂದು ಉದಾಹರಣೆ ಸೇರಿಸುತ್ತೇನೆ. ದಾನಿಯೇಲನ ಗ್ರಂಥದಲ್ಲಿ ಸುಸನ್ನಳ ಪ್ರಕರಣವಿದೆ. ಇಬ್ಬರು ಹಿರಿಯರು, ಅದೂ ನ್ಯಾಯಾಧಿಪತಿಗಳು, ಅವಳ ಮೇಲೆ ವ್ಯಭಿಚಾರದ ಸುಳ್ಳು ಆರೋಪ ಹೊರಿಸುತ್ತಾರೆ. ಹಿರಿಯರ ಮಾತು ಎಂದು ಜನರು ನಂಬಿ ಮರಣದಂಡನೆ ವಿಧಿಸುತ್ತಾರೆ. ಆಗ ದಾನಿಯೇಲ ಇನ್ನೂ ಹುಡುಗ. ಅವನು ಆ ಇಬ್ಬರನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾನೆ: ಯಾವ ಮರದ ಕೆಳಗೆ ಕಂಡಿರಿ? ಒಬ್ಬ ಒಂದು ಮರ ಹೇಳಿದ, ಮತ್ತೊಬ್ಬ ಇನ್ನೊಂದು. ಅಲ್ಲಿಗೆ ಸುಳ್ಳು ಬಯಲಾಯಿತು. ಪ್ರಾಯ ಚಿಕ್ಕದು ಎಂದು ಕೊರಗುವವರು ಇದನ್ನು ಓದಬೇಕು.

ಆತ್ಮಭರಿತ

ದಾನಿಯೇಲನ ಗ್ರಂಥದಲ್ಲಿ ಇರುವುದು 12 ಅಧ್ಯಾಯಗಳು. ಅದರಲ್ಲಿ ಸುಸನ್ನ ಎಲ್ಲಿದ್ದಾಳೆ?

ಗುರ್ಕಾರ್

ನಮ್ಮ ಸತ್ಯವೇದದಲ್ಲಿ 14 ಅಧ್ಯಾಯಗಳಿವೆ. ಸುಸನ್ನಳದು 13ನೆಯದು. ನಮ್ಮದು 73 ಗ್ರಂಥಗಳು, ನಿಮ್ಮದು 66.

ಆತ್ಮಭರಿತ

ದೇವಪ್ರೇರಿತವಲ್ಲದ ಪುಸ್ತಕದಿಂದ ಸಭೆಗೆ ಬುದ್ಧಿ ಹೇಳಬಾರದು.

ನಿವೃತ್ತ ಬೋಧಕ

ದಯವಿಟ್ಟು ಆ ಚರ್ಚೆಯನ್ನು ಬೇರೆ ಎಳೆಯಲ್ಲಿ ಮಾಡಿ. ಸಾಕ್ಷಿಗಳನ್ನು ಚೆನ್ನಾಗಿ ವಿಚಾರಣೆ ಮಾಡಬೇಕೆಂಬ ಮಾತು ಧರ್ಮೋಪದೇಶಕಾಂಡ 19ರಲ್ಲಿಯೂ ಇದೆ. ಅದು ಎಲ್ಲರ ಸತ್ಯವೇದದಲ್ಲೂ ಇದೆ.

ಆತ್ಮಭರಿತ

ಆದರೂ ನನ್ನ ಮಾತು ಕೇಳಿ. ಇಷ್ಟು ಲೆಕ್ಕ, ವಿಚಾರಣೆ, ಕಮಿಟಿ ಯಾಕೆ? ಆತ್ಮಗಳನ್ನು ವಿವೇಚಿಸುವ ವರವನ್ನು ಒಂದನೆಯ ಕೊರಿಂಥ 12:10ರಲ್ಲಿ ಪೌಲನು ಹೇಳಿದ್ದಾನೆ. ಸಹೋದರರು ಉಪವಾಸವಿದ್ದು ಪ್ರಾರ್ಥಿಸಲಿ. ತಪ್ಪು ಯಾರದು ಎಂದು ಪವಿತ್ರಾತ್ಮನೇ ತೋರಿಸಿಕೊಡುತ್ತಾನೆ. ಯಾಕೋಬ 1:5ರಲ್ಲಿ, ಜ್ಞಾನದ ಕೊರತೆ ಇರುವವನು ದೇವರನ್ನು ಕೇಳಿಕೊಳ್ಳಲಿ ಎಂದಿದೆ, ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಲಿ ಎಂದಿಲ್ಲ.

ಮೈಸೂರಿನ ಸಹೋದರಿ

ಪ್ರಾರ್ಥನೆ ಬೇಡ ಎಂದು ಇಲ್ಲಿ ಯಾರು ಹೇಳಿದರು? ನೀವು ಹೇಳಿದ ಒಂದನೆಯ ಕೊರಿಂಥದ 14:29ನ್ನೂ ಓದಿ, ಪ್ರವಾದಿಗಳು ಇಬ್ಬರು ಮೂವರು ಮಾತನಾಡಲಿ, ಉಳಿದವರು ಅದನ್ನು ವಿವೇಚಿಸಲಿ ಎಂದಿದೆ. ಪ್ರವಾದಿಯ ಮಾತನ್ನೇ ತೂಗಿ ನೋಡಬೇಕು ಎಂದಮೇಲೆ ನನಗೆ ಆತ್ಮನು ತೋರಿಸಿದ್ದಾನೆ ಎಂದು ಬಂದವರ ಮಾತನ್ನು ತೂಗುವುದು ಬೇಡವೇ? ಬೆರೋಯ ಎಂಬ ಊರಿನವರು ಪೌಲನ ಉಪದೇಶವನ್ನೇ ಪ್ರತಿದಿನ ಶಾಸ್ತ್ರಗಳಲ್ಲಿ ಹುಡುಕಿ ನೋಡಿದರು, ಅದಕ್ಕಾಗಿ ಅವರನ್ನು ಲೂಕನು ಹೊಗಳಿದ್ದಾನೆ. ‘ದೇವರು ನನಗೆ ಹೇಳಿದ’ ಎಂಬ ಒಂದೇ ಮಾತಿನಿಂದ ಒಡೆದುಹೋದ ಸಭೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಮಾತಿಗೆ ಎದುರು ಮಾತೇ ಇಲ್ಲ, ಅದೇ ಅದರ ಅಪಾಯ.

ಹೆಡ್‌ಮಾಸ್ತರ್

ನಾನು ಕ್ರೈಸ್ತನಲ್ಲ, ಈ ವೇದಿಕೆಯನ್ನು ಓದುವ ಅಭ್ಯಾಸವಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಶಾಲೆಯಲ್ಲಿ ಇಬ್ಬರು ಹುಡುಗರು ಹೊಡೆದಾಡಿಕೊಂಡು ಬಂದಾಗ ಮೊದಲು ಅಳುತ್ತಾ ಬಂದವನ ಕಡೆಗೆ ಮನಸ್ಸು ವಾಲುತ್ತದೆ. ಎಷ್ಟು ವರ್ಷ ಕೆಲಸ ಮಾಡಿದರೂ ವಾಲುತ್ತದೆ. ಇದಕ್ಕೆ ನಿಮ್ಮ ಗ್ರಂಥದಲ್ಲಿ ಏನಾದರೂ ಹೇಳಿದ್ದಾರೆಯೇ?

ನಿವೃತ್ತ ಬೋಧಕ

ಹೇಳಿದೆ ಮಾಸ್ತರರೇ. ಜ್ಞಾನೋಕ್ತಿಗಳು 18:17. ಮೊದಲು ವಾದಿಸುವವನದೇ ನ್ಯಾಯ ಎಂದು ತೋರುತ್ತದೆ, ಎದುರಾಳಿ ಬಂದು ಅವನನ್ನು ಪರೀಕ್ಷಿಸುವ ತನಕ. ಅದೇ ಅಧ್ಯಾಯದ 13ನೆಯ ವಚನ ಇನ್ನೂ ಖಾರವಾಗಿದೆ, ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವುದು ಮೂಢತನ, ಅವಮಾನ ಎನ್ನುತ್ತದೆ.

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ದಾವೀದನೇ. ಅಬ್ಷಾಲೋಮನ ದಂಗೆಯಿಂದ ಓಡಿಹೋಗುವಾಗ ಚೀಬ ಎಂಬ ಸೇವಕ ಎದುರು ಬಂದ. ತಡಿ ಹಾಕಿದ ಎರಡು ಕತ್ತೆಗಳ ಮೇಲೆ 200 ರೊಟ್ಟಿ, ದ್ರಾಕ್ಷಿಯ 100 ಒಣಗಿದ ಗೊಂಚಲು, ಹಣ್ಣು, ಒಂದು ತಿತ್ತಿ ದ್ರಾಕ್ಷಾರಸ ಹೇರಿಕೊಂಡು ಬಂದಿದ್ದ. ದಣಿದ ಅರಸನಿಗೆ ಅದು ಎಷ್ಟು ಹಿತವಾಗಿ ಕಂಡಿರಬೇಕು! ನಿನ್ನ ಯಜಮಾನ ಮೆಫೀಬೋಶೆತ ಎಲ್ಲಿ ಎಂದು ಕೇಳಿದ್ದಕ್ಕೆ, ಅಜ್ಜ ಸೌಲನ ರಾಜ್ಯ ತನಗೆ ಸಿಗುತ್ತದೆ ಎಂದುಕೊಂಡು ಯೆರೂಸಲೇಮಿನಲ್ಲೇ ಉಳಿದಿದ್ದಾನೆ ಎಂದ. ದಾವೀದ ಅಲ್ಲೇ, ನಿಂತ ನಿಲುವಿನಲ್ಲೇ, ಅವನ ಆಸ್ತಿಯೆಲ್ಲ ನಿನ್ನದು ಎಂದುಬಿಟ್ಟ. ತನ್ನ ಪ್ರಾಣಸ್ನೇಹಿತ ಯೋನಾತಾನನ ಮಗನ ಆಸ್ತಿ, ತಾನೇ ಮಾತು ಕೊಟ್ಟಿದ್ದ ಆಸ್ತಿ.

ದಂಗೆ ಮುಗಿದು ಹಿಂದಿರುಗುವಾಗ ಮೆಫೀಬೋಶೆತ ಎದುರಾದ. ಅರಸ ಹೊರಟುಹೋದ ದಿನದಿಂದ ಅವನು ಕಾಲುಗಳನ್ನು ನೋಡಿಕೊಂಡಿರಲಿಲ್ಲ, ಗಡ್ಡ ಕತ್ತರಿಸಿರಲಿಲ್ಲ, ಬಟ್ಟೆ ಒಗೆದಿರಲಿಲ್ಲ. ಕುಂಟನಾದ ನನ್ನನ್ನು ಸೇವಕ ಮೋಸಮಾಡಿ ಬಿಟ್ಟುಹೋದ ಎಂದ. ರಾಜ್ಯಕ್ಕೆ ಆಸೆಪಟ್ಟವನು ಅಷ್ಟು ದಿನ ಕೊಳಕು ಬಟ್ಟೆಯಲ್ಲಿ ಕೂರುತ್ತಾನೆಯೇ? ಸಾಕ್ಷಿ ಕಣ್ಣೆದುರು ನಿಂತಿತ್ತು. ಆದರೂ ದಾವೀದ ವಿಚಾರಿಸಲಿಲ್ಲ. ಮೊದಲು ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಲು ಮನಸ್ಸಾಗದೆ, ಇಬ್ಬರೂ ಹೊಲ ಹಂಚಿಕೊಳ್ಳಿ ಎಂದ. ತಪ್ಪು ತೀರ್ಪನ್ನು ಸರಿಪಡಿಸುವ ಬದಲು ಅರ್ಧ ಮಾಡಿದ.

ಗುಂಪಿನಲ್ಲಿ ಇವತ್ತೇ ಒಂದು ಸಾಲು ಬರೆಯಬೇಡಿ ಎಂದು ನಾನು ಹೇಳುವುದು ಇದಕ್ಕೇ. ನಾಳೆ ನಿಜ ಗೊತ್ತಾದಾಗ ಆ ಸಾಲನ್ನು ಉಳಿಸಿಕೊಳ್ಳಲು ನಾವು ಅನ್ಯಾಯವನ್ನು ಅರ್ಧರ್ಧ ಹಂಚಬೇಕಾಗುತ್ತದೆ.

ಮೈಸೂರಿನ ಸಹೋದರಿ

ಬೋಧಕರೇ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ‘ತಾಳಿ, ತಾಳಿ’ ಎನ್ನುವುದೂ ಅನ್ಯಾಯವಾಗುತ್ತದೆ. ಅದೇ ದಾವೀದನ ಮನೆಯಲ್ಲಿ, ಅಬ್ಷಾಲೋಮನ ತಂಗಿ ತಾಮಾರಳಿಗೆ ಆದದ್ದನ್ನು ನೋಡಿ, ಮಲಸಹೋದರ ಅಮ್ನೋನನೇ ಅವಳ ಮೇಲೆ ಅತ್ಯಾಚಾರ ಮಾಡಿದ. ದಾವೀದ ಕೇಳಿ ಬಹಳ ಕೋಪಗೊಂಡ ಎಂದಿದೆ, ಆದರೆ ಏನೂ ಮಾಡಲಿಲ್ಲ. ಎರಡು ವರ್ಷ ಕಳೆದ ಮೇಲೆ ಅಬ್ಷಾಲೋಮನೇ ಅಮ್ನೋನನನ್ನು ಕೊಲ್ಲಿಸಿದ. ನೀವು ಹೇಳುವ ಊರಬಾಗಿಲಿನ ಅಬ್ಷಾಲೋಮ ಹುಟ್ಟಿದ್ದೇ ಆ ಮೌನದಿಂದ. ಅರಸನು ನ್ಯಾಯ ಕೇಳುವುದಿಲ್ಲ ಎಂದು ಅವನು ಹೇಳಿದಾಗ ಜನರು ನಂಬಿದ್ದು ಏಕೆ? ಅದರಲ್ಲಿ ಸ್ವಲ್ಪ ನಿಜ ಇದ್ದುದರಿಂದ.

ವಿವೇಕ ಎಂದರೆ ನಿಧಾನ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಅಬೀಗೈಲಳು ನಿಧಾನಿಸಲಿಲ್ಲ. ಗಂಡ ನಾಬಾಲ ಮಾಡಿದ ಅವಮಾನಕ್ಕೆ ಸೇಡು ತೀರಿಸಲು 400 ಜನರೊಂದಿಗೆ ದಾವೀದ ಕತ್ತಿ ಕಟ್ಟಿಕೊಂಡು ಬರುತ್ತಿದ್ದಾನೆ ಎಂದು ಆಳು ಹೇಳಿದ ಕೂಡಲೇ ಬುತ್ತಿ ಹೇರಿಸಿಕೊಂಡು ಹೊರಟಳು. ಆದರೆ ಮನೆಗೆ ಹಿಂದಿರುಗಿದಾಗ ಗಂಡ ಕುಡಿದು ಮತ್ತನಾಗಿದ್ದುದನ್ನು ನೋಡಿ, ಬೆಳಗಾಗುವ ತನಕ ಅವನಿಗೆ ಒಂದು ಮಾತನ್ನೂ ತಿಳಿಸಲಿಲ್ಲ. ಅದೇ ಹೆಂಗಸು, ಒಂದೇ ದಿನ, ಒಂದು ಕಡೆ ಓಡಿದಳು, ಇನ್ನೊಂದು ಕಡೆ ಕಾದಳು. ಎಲ್ಲಿ ಓಡಬೇಕು, ಎಲ್ಲಿ ಕಾಯಬೇಕು ಎಂದು ತಿಳಿಯುವುದನ್ನೇ ನಾನು ವಿವೇಚನೆ ಎನ್ನುತ್ತೇನೆ.

ಧಾರವಾಡದ ಅಕ್ಕ

ನೂರಕ್ಕೆ ನೂರು ನಿಜ. ನಾಯಕತ್ವದ ಬಗ್ಗೆ ಪ್ರಸಂಗ ಮಾಡುವವರು ಅಬೀಗೈಲಳನ್ನು ಸ್ತ್ರೀಯರ ಕೂಟಕ್ಕೆ ಮಾತ್ರ ಮೀಸಲಿಟ್ಟಿದ್ದಾರೆ. ಖರ್ಜೂರದ ಮರದ ಕೆಳಗೆ ಕುಳಿತು ಇಸ್ರಾಯೇಲ್ಯರೆಲ್ಲರಿಗೂ ನ್ಯಾಯ ತೀರಿಸಿದ ದೆಬೋರಳನ್ನೂ ಹಾಗೆಯೇ ಮಾಡಿದ್ದಾರೆ.

ಹುಬ್ಬಳ್ಳಿ ವಕೀಲ

ಸಹೋದರಿ ಎತ್ತಿದ ಮಾತು ಮುಖ್ಯವಾದದ್ದು, ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಎಲ್ಲ ವಿಷಯಗಳೂ ಸಭೆಯ ಹಿರಿಯರು ಕುಳಿತು ತೂಗಿ ನೋಡುವ ವಿಷಯಗಳಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು 21ನೆಯ ಕಲಮಿನ ಪ್ರಕಾರ ಅಪರಾಧ. ಅಲ್ಲಿ ‘ಎರಡೂ ಕಡೆ ಕೇಳೋಣ’ ಎಂದು ಕಮಿಟಿ ಕೂಡಿಸುವ ಹಕ್ಕು ಯಾವ ಸಭೆಗೂ ಇಲ್ಲ.

ಈಗಿನ ವಿಷಯ ಹಣದ್ದು. ವಾಟ್ಸ್‌ಆ್ಯಪ್‌ನಲ್ಲಿ ‘ತಾಳೆಯಾಗುತ್ತಿಲ್ಲ, ಉತ್ತರ ಕೊಡಿ’ ಎನ್ನುವುದು ಪ್ರಶ್ನೆ. ‘ಖಜಾಂಚಿ ಹಣ ತಿಂದರು’ ಎಂದು ಬರೆದರೆ ಮಾನನಷ್ಟದ ಮಾತು ಬರುತ್ತದೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೆಯ ಕಲಮು. ಗುಂಪಿನ ಅಡ್ಮಿನ್ ಯಾರೋ ಅವರು ಆ ಗೆರೆ ದಾಟದಂತೆ ನೋಡಿಕೊಳ್ಳಲಿ. ಇನ್ನೊಂದು ಕಡೆ, ನಂಬಿ ಒಪ್ಪಿಸಿದ ಹಣವನ್ನು ನಿಜವಾಗಿಯೂ ಬಳಸಿಕೊಂಡಿದ್ದರೆ ಅದು 316ನೆಯ ಕಲಮಿನ ನಂಬಿಕೆ ದ್ರೋಹ. ಯಾವುದು ಎಂದು ಪುಸ್ತಕ ನೋಡದೆ ಯಾರೂ ಹೇಳಲಾರರು.

ಕಡಲತಡಿ

ಕಾನೂನು ಇರಲಿ. ಇವರು ವರ್ಷಗಟ್ಟಲೆ ಸೇವೆ ಮಾಡಿದವರು. ಅಂಥವರಿಂದ ಲೆಕ್ಕ ಕೇಳುವುದೇ ಅವಮಾನ ಎಂದು ಇನ್ನೊಂದು ಬಣದವರು ಹೇಳುವುದರಲ್ಲೂ ಅರ್ಥವಿದೆ. ಎರಡನೆಯ ಅರಸುಗಳು 12:15 ನೋಡಿ. ದೇವಾಲಯದ ದುರಸ್ತಿಗೆ ಹಣ ಪಡೆದವರು ನಂಬಿಗಸ್ತರಾಗಿದ್ದುದರಿಂದ ಅವರಿಂದ ಲೆಕ್ಕ ಕೇಳಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ.

ಮಾಜಿ ಖಜಾಂಚಿ

ಆ ಒಂದು ವಚನವನ್ನು ನಾನು ಕಮಿಟಿಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಅದರ ಹಿಂದಿನ ವಚನಗಳನ್ನೂ ಓದಬೇಕು ಕಡಲತಡಿಯವರೇ. ಯೋವಾಷ ಅರಸನ 23ನೆಯ ವರ್ಷ ಬಂದರೂ ಯಾಜಕರು ಆಲಯದ ದುರಸ್ತಿಯನ್ನೇ ಮಾಡಿರಲಿಲ್ಲ, ಹಣ ಮಾತ್ರ ಬರುತ್ತಿತ್ತು. ಆಗ ಅರಸ ಅವರ ಕೈಗೆ ಹಣ ಹೋಗುವುದನ್ನು ನಿಲ್ಲಿಸಿದ. ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು, ಯಜ್ಞವೇದಿಯ ಬಲಗಡೆಗೆ ಇಟ್ಟ. ಬಂದ ಹಣವನ್ನೆಲ್ಲ ಬಾಗಿಲು ಕಾಯುವ ಯಾಜಕರು ಅದರಲ್ಲೇ ಹಾಕಬೇಕು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲದಲ್ಲಿ ಕಟ್ಟುತ್ತಿದ್ದರು. ಒಬ್ಬನಲ್ಲ, ಇಬ್ಬರು, ಅದೂ ಬೇರೆ ಬೇರೆ ಕಡೆಯವರು. ಇಷ್ಟೆಲ್ಲ ಏರ್ಪಾಟು ಆದ ಮೇಲೆ, ಎಣಿಸಿ ತೂಗಿ ಕೊಟ್ಟ ಹಣವನ್ನು ಬಡಗಿಗಳಿಗೂ ಕಲ್ಲುಕುಟಿಗರಿಗೂ ಹಂಚುವವರಿಂದ ಮತ್ತೆ ಲೆಕ್ಕ ಕೇಳಲಿಲ್ಲ. ನಂಬಿಕೆ ಮೊದಲು ಬಂದದ್ದಲ್ಲ, ಏರ್ಪಾಟು ಮೊದಲು ಬಂತು.

ಎಜ್ರ 8ನೆಯ ಅಧ್ಯಾಯ ಇನ್ನೂ ಚೆನ್ನಾಗಿದೆ. ಬಾಬೆಲಿನಿಂದ ಹೊರಡುವಾಗ ಎಜ್ರನು 650 ತಲಾಂತು (ತೂಕದ ಅಳತೆ) ಬೆಳ್ಳಿ, 100 ತಲಾಂತು ಬಂಗಾರವನ್ನು ಯಾಜಕರಿಗೆ ತೂಗಿ ಒಪ್ಪಿಸಿದ. ಯೆರೂಸಲೇಮ್ ಮುಟ್ಟಿದ ಮೇಲೆ ಮತ್ತೆ ಎಣಿಸಿ, ತೂಗಿ, ತೂಕವನ್ನೆಲ್ಲ ಬರೆದಿಟ್ಟರು. ಯಾಜಕರು ಕಳ್ಳರು ಎಂದೇ? ಅಲ್ಲ, ನೀವು ಯೆಹೋವನಿಗೆ ಪರಿಶುದ್ಧರು ಎಂದು ಅವರಿಗೇ ಹೇಳಿದವನು ಎಜ್ರ. ಪೌಲನೂ ಯೆರೂಸಲೇಮಿನ ಬಡವರ ಹಣವನ್ನು ತನ್ನ ಜೊತೆಗಾರ ತೀತನೊಬ್ಬನ ಕೈಯಲ್ಲೇ ಬಿಡಲಿಲ್ಲ, ಸಭೆಗಳು ಆರಿಸಿದ ಇನ್ನೊಬ್ಬ ಸಹೋದರನನ್ನೂ ಜೊತೆಗೆ ಕಳುಹಿಸಿದ. ಯಾರೂ ತಪ್ಪು ಹೊರಿಸಬಾರದು ಎಂಬ ಕಾರಣವನ್ನು ಅವನೇ ಎರಡನೆಯ ಕೊರಿಂಥ 8ರಲ್ಲಿ ಬರೆದಿದ್ದಾನೆ.

ಲೆಕ್ಕ ಕೇಳುವುದು ಅವಮಾನವಲ್ಲ. ನನ್ನ ಅವಧಿಯಲ್ಲಿ ಪ್ರತಿ ತಿಂಗಳು ಯಾರಾದರೂ ಬಂದು ಪುಸ್ತಕ ನೋಡಲಿ ಎಂದು ನಾನೇ ಕೇಳುತ್ತಿದ್ದೆ, ಬರುತ್ತಿರಲಿಲ್ಲ. ವರ್ಷವಿಡೀ ನೋಡದೆ ಬಿಟ್ಟು ಒಂದೇ ಸಲ ಬೀದಿಯಲ್ಲಿ ನಿಲ್ಲಿಸಿ ಕೇಳುವುದು, ಅದು ಅವಮಾನ.

ಕಡಲತಡಿ

ಪೆಟ್ಟಿಗೆಯ ಮಾತನ್ನು ಒಪ್ಪಿದೆ. ಆ ಅಧ್ಯಾಯವನ್ನು ಈಗ ಪೂರ್ತಿ ಓದಿದೆ.

ಮರುಭೂಮಿಯ ಕನ್ನಡಿಗ

ನಾವು ಕೊಲ್ಲಿಯಲ್ಲಿ ಶುಕ್ರವಾರ ಕೂಡುವ ಸಣ್ಣ ಕನ್ನಡ ಸಹವಾಸದವರು. ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ ಅಲ್ಲೇ ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕುತ್ತಾರೆ, ಒಬ್ಬರು ಹೆಂಗಸು, ಒಬ್ಬರು ಗಂಡಸು. ಮನೆಗೆ ಒಯ್ಯುವಂತಿಲ್ಲ. ಇದುವರೆಗೂ ಜಗಳವಿಲ್ಲ. ಅದಿರಲಿ, ನಿಮ್ಮ ಕಡೆ ಬೆಳೆ ಹಬ್ಬದ ಹರಾಜು ಇನ್ನೂ ನಡೆಯುತ್ತದೆಯೇ? ಕುಂಬಳಕಾಯಿ, ಬಾಳೆಗೊನೆಗಳನ್ನು ಜಿದ್ದಿಗೆ ಬಿದ್ದು ಕೂಗುವುದನ್ನು ನೋಡಿ ಎಷ್ಟು ಕಾಲವಾಯಿತು!

ಗುರ್ಕಾರ್

ನಡೆಯುತ್ತದೆ, ನಮ್ಮಲ್ಲೂ ಹೊರೆಕಾಣಿಕೆ ಬಂದ ಮೇಲೆ ಹರಾಜು ಇದೆ. ಕೂಗಿದವರೆಲ್ಲ ಹಣ ಕೊಟ್ಟರೇ ಎಂದು ಮಾತ್ರ ಕೇಳಬೇಡಿ, ಇನ್ನೊಂದು ವಾಗ್ವಾದ ಶುರುವಾಗುತ್ತದೆ.

ಮಲೆನಾಡ ಸಭಿಕ

ಎಲ್ಲರಿಗೂ ವಂದನೆಗಳು. ಅಕ್ಕ ಹೇಳಿದಂತೆ ನಿನ್ನೆ ಸಂಜೆ ಖಜಾಂಚಿಯವರ ಮನೆಗೆ ಹೋಗಿದ್ದೆ, ಜೊತೆಗೆ ಒಬ್ಬ ಹಿರಿಯರನ್ನೂ ಕರೆದುಕೊಂಡು ಹೋದೆ. ಮೊದಲು ಮಾತನಾಡಲು ಒಪ್ಪಲಿಲ್ಲ. ನಾವು ಕೇಳಲು ಬಂದಿದ್ದೇವೆ, ಹೇಳಲು ಅಲ್ಲ ಎಂದ ಮೇಲೆ ಒಳಗಿನಿಂದ ರಸೀದಿ ಪುಸ್ತಕಗಳನ್ನೂ ಬುಕಿಂಗ್ ಡೈರಿಯನ್ನೂ ತಂದು ಮೇಜಿನ ಮೇಲೆ ಇಟ್ಟರು. ಮೂರೂ ಜನ ಕುಳಿತು ದಿನಾಂಕದಿಂದ ದಿನಾಂಕಕ್ಕೆ ಹೊಂದಿಸಿ ನೋಡಿದೆವು. ಕೆಲವು ಕಾರ್ಯಕ್ರಮಗಳಿಗೆ ರಸೀದಿ ಇಲ್ಲದಿರುವುದು ನಿಜ. ಆ ದಿನಾಂಕಗಳ ಮುಂದೆ ಡೈರಿಯಲ್ಲಿ ಪೆನ್ಸಿಲಿನಿಂದ ‘ಅಯ್ಯನವರು ಹೇಳಿದ್ದಾರೆ’ ಎಂದಷ್ಟೇ ಇದೆ.

ಹಿಂದಿನ ಸಭಾಪಾಲಕರಿಗೆ ಅಲ್ಲಿಂದಲೇ ಫೋನ್ ಮಾಡಿದೆವು. ಕಷ್ಟದಲ್ಲಿದ್ದ ಕುಟುಂಬಗಳಿಗೆ ಸಭಾಂಗಣವನ್ನು ಉಚಿತವಾಗಿ ಕೊಡಿ, ಹೆಸರು ಯಾರಿಗೂ ಹೇಳಬೇಡಿ ಎಂದು ತಾವೇ ಹೇಳಿದ್ದಾಗಿ ಒಪ್ಪಿಕೊಂಡರು. ಹಣ ಎಲ್ಲಿಗೂ ಹೋಗಿಲ್ಲ, ಬಂದೇ ಇಲ್ಲ. ಆದರೆ ಕಮಿಟಿಯ ನಿರ್ಣಯವಿಲ್ಲ, ಬರಹವೂ ಇಲ್ಲ. ಖಜಾಂಚಿಯವರು ಗುಂಪಿನಿಂದ ಹೊರಗೆ ಹೋದದ್ದು ಉತ್ತರ ಕೊಟ್ಟರೆ ಆ ಮನೆಗಳ ಹೆಸರು ಹೊರಗೆ ಬರುತ್ತದೆ ಎಂದು.

ಈಗ ಹೊಸ ಇಕ್ಕಟ್ಟು. ನಿಜವನ್ನು ಹೇಳದಿದ್ದರೆ ಇವರ ಮೇಲಿನ ಅನುಮಾನ ಹೋಗುವುದಿಲ್ಲ. ಹೇಳಿದರೆ ಆ ಬಡ ಮನೆಯವರು ತಲೆ ಎತ್ತಿ ಚರ್ಚಿಗೆ ಬರಲಾರರು. ಭಾನುವಾರ ಕಮಿಟಿ ಸೇರುತ್ತದೆ.

ಹೆಡ್‌ಮಾಸ್ತರ್

ಆ ಶಿಕ್ಷಕರಿಗೆ ನನ್ನ ನಮಸ್ಕಾರ ತಿಳಿಸಿ.

ಆತ್ಮಭರಿತ

ದೇವರಿಗೆ ಸ್ತೋತ್ರ. ಇದನ್ನು ಓದಿ ಕಣ್ಣು ತುಂಬಿತು. ನಾನು ಉಪವಾಸ ಪ್ರಾರ್ಥನೆ ಮಾಡಿ ಎಂದದ್ದು ಈಗಲೂ ಸರಿಯೇ, ಭಾನುವಾರದ ಮೊದಲು ಮಾಡಿ. ಪುಸ್ತಕ ನೋಡಿದ್ದೂ ಸರಿಯಾಯಿತು.

ಹುಬ್ಬಳ್ಳಿ ವಕೀಲ

ಹೆಸರು ಬೇಡ, ಸಂಖ್ಯೆ ಸಾಕು. ‘ಇಷ್ಟು ಕಾರ್ಯಕ್ರಮಗಳಿಗೆ ಹಿಂದಿನ ಸಭಾಪಾಲಕರ ಸೂಚನೆಯ ಮೇರೆಗೆ ಬಾಡಿಗೆ ವಿನಾಯಿತಿ ನೀಡಲಾಗಿದೆ’ ಎಂದು ಅವರಿಂದ ಒಂದು ಪತ್ರ ತರಿಸಿ, ಕಮಿಟಿಯಲ್ಲಿ ನಿರ್ಣಯ ಮಾಡಿ, ಲೆಕ್ಕಪರಿಶೋಧಕರಿಗೆ ಕೊಡಿ. ಫೋನಿನ ಮಾತು ಸಾಲದು.

ಮೈಸೂರಿನ ಸಹೋದರಿ

ಸಂಖ್ಯೆ ಹೇಳಿದರೂ ದಿನಾಂಕ ಹೇಳಬೇಡಿ. ಸಣ್ಣ ಊರಿನಲ್ಲಿ ದಿನಾಂಕ ಹೇಳಿದರೆ ಹೆಸರು ಹೇಳಿದಂತೆಯೇ, ಆ ದಿನ ಯಾರ ಮನೆಯ ಮದುವೆ ಎಂದು ಎಲ್ಲರಿಗೂ ಗೊತ್ತು. ನಿಶ್ಚಿತಾರ್ಥವಾಗಿದ್ದ ಮರಿಯಳು ಗರ್ಭಿಣಿ ಎಂದು ತಿಳಿದಾಗಲೂ ಅವಳನ್ನು ಅವಮಾನಪಡಿಸಲು ಮನಸ್ಸಿಲ್ಲದೆ ಯೋಸೇಫನು ಗುಟ್ಟಾಗಿ ಬಿಡಬೇಕೆಂದಿದ್ದನ್ನು ಮತ್ತಾಯನು ಅವನ ನೀತಿವಂತಿಕೆಯ ಗುರುತಾಗಿಯೇ ಬರೆದಿದ್ದಾನೆ.

ಕಡಲತಡಿ

ಹಾಗಾದರೆ ಪ್ರಶ್ನೆ ಹಾಕಿದವರು? ಅವರು ಎಲ್ಲರ ಎದುರು ಕ್ಷಮೆ ಕೇಳಬೇಡವೇ? ಮತ್ತಾಯ 18ರಲ್ಲಿ ಮೊದಲು ನೀನೂ ಅವನೂ ಇಬ್ಬರೇ ಇರುವಾಗ ಮಾತನಾಡು ಎಂದಿದೆ. ಅವರು ನೇರವಾಗಿ ಗುಂಪಿನಲ್ಲೇ ಹಾಕಿದರು.

ಮಾಜಿ ಖಜಾಂಚಿ

ಹಾಕಿದ ಜಾಗ ಸರಿಯಿಲ್ಲ, ಹಾಕಿದ ಪ್ರಶ್ನೆ ಸರಿಯಿದೆ. ರಸೀದಿ ಇಲ್ಲದಿರುವುದು ಲೋಪವೇ. ಉಚಿತವಾಗಿ ಕೊಟ್ಟರೂ ‘ವಿನಾಯಿತಿ’ ಎಂದು ಬರೆದ, ಕ್ರಮಸಂಖ್ಯೆ ಇರುವ ರಸೀದಿ ಹರಿದು ಸಭಾಪಾಲಕರ ಸಹಿ ಹಾಕಿಸಬೇಕಿತ್ತು. ಡೈರಿ ಬರೆಯುವವರು ಒಬ್ಬರು, ಹಣ ತೆಗೆದುಕೊಳ್ಳುವವರು ಇನ್ನೊಬ್ಬರು ಇರಬೇಕಿತ್ತು. ಕ್ಷಮೆ ಕೇಳಿಸಿದರೆ ಮುಂದೆ ನಿಮ್ಮ ಸಭೆಯಲ್ಲಿ ಲೆಕ್ಕ ಕೇಳಲು ಯಾರೂ ಬಾಯಿ ತೆರೆಯುವುದಿಲ್ಲ.

ನಿವೃತ್ತ ಬೋಧಕ

ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತನಾಡುವ ಯೆಹೂದ್ಯರು, ನಮ್ಮ ವಿಧವೆಯರಿಗೆ ದಿನದಿನದ ಉಪಚಾರದಲ್ಲಿ ಪಾಲು ಸಿಗುತ್ತಿಲ್ಲ ಎಂದು ಗೊಣಗಿದರು. ಅಪೊಸ್ತಲರು ಗೊಣಗಿದವರನ್ನು ಗದರಿಸಲಿಲ್ಲ, ಆ ಕೆಲಸಕ್ಕೆ ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ, ಏಳೂ ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಕಡೆಯವರ ಕೈಗೇ ಹಂಚುವ ಕೆಲಸ ಹೋಯಿತು ಎಂದು ನನಗೆ ತೋರುತ್ತದೆ.

ಧಾರವಾಡದ ಅಕ್ಕ

ಹಾಗಾದರೆ ದಾರಿ ಸಿಕ್ಕಿತು ತಮ್ಮಾ. ಪ್ರಶ್ನೆ ಹಾಕಿದವರನ್ನೇ ಪ್ರತಿ ತಿಂಗಳು ಪುಸ್ತಕ ನೋಡುವ ಇಬ್ಬರಲ್ಲಿ ಒಬ್ಬರನ್ನಾಗಿ ಮಾಡಲು ಸೂಚಿಸು. ಇನ್ನೊಬ್ಬರು ಖಜಾಂಚಿಯವರು ಒಪ್ಪುವವರಾಗಿರಲಿ.

ಮಲೆನಾಡ ಸಭಿಕ

ಖಜಾಂಚಿಯವರು ಇದಕ್ಕೆ ಒಪ್ಪುತ್ತಾರೆಯೇ ಎಂಬ ಅಳುಕು ಇದೆ. ಕಮಿಟಿಯಲ್ಲಿ ಒಮ್ಮೆಗೇ ಈ ಮಾತು ಎತ್ತಿದರೆ ಎದ್ದು ಹೋಗಬಹುದು.

ಧಾರವಾಡದ ಅಕ್ಕ

ಒಮ್ಮೆಗೇ ಏಕೆ ಎತ್ತುತ್ತೀಯಾ? ಶನಿವಾರವೇ ಅವರ ಮನೆಗೆ ಹೋಗಿ ಕೇಳು. ಪ್ರಶ್ನೆ ಹಾಕಿದವರ ಮನೆಗೂ ಹೋಗು, ಅಲ್ಲಿಗೆ ನೀನು ಇನ್ನೂ ಹೋಗಿಯೇ ಇಲ್ಲ. ಹೆಸರು ಕೇಳಿದರೆ ಹೇಳಬೇಡ. ಹಿಂದಿನ ಅಯ್ಯನವರ ಪತ್ರವನ್ನು ಮಾತ್ರ ತೋರಿಸು.